ಯಾತಕ್ಕೆ

ಸಂತೆಪೇಟೆಯ ಔಷಧಿ ಅಂಗಡಿಯಲ್ಲಿ
ರಶೀದಿ ಬರೆಯುವವನು ನಾನು.
ಆಲೂಗೆಡ್ಡೆಗೆ ಅರ್ಧ ಲೀಟರು, ಶುಂಠಿಗೆ ಒಂದು.
ಕೊನೆಯ ಕಾಲಮ್ಮಿನಲ್ಲಿ ‘ಯಾತಕ್ಕೆ?’
ಕೇಳದೆಯೇ ಬರೆಯುತ್ತೇನೆ: ಹುಳಕ್ಕೆ.

ನಿನ್ನೆ ಕೆಮಿಸ್ಟ್ರಿ ಮೇಷ್ಟ್ರು ಪುಟ್ಟಸೋಮಪ್ಪ
ಡಬ್ಬಿಯ ಚೀಟಿ ಓದಿ, ಕನ್ನಡಕ ಒರೆಸಿ ಅಂದರು:
“ಇದಕ್ಕೊಬ್ಬ ದಾಯಾದಿ ಇದ್ದಾನೆ ಕಣಯ್ಯ,
ಬಣ್ಣವಿಲ್ಲ, ವಾಸನೆಯಿಲ್ಲ.
ಒಂದು ದೇಶ ಅವನನ್ನು ಪೀಪಾಯಿಗಟ್ಟಲೆ ಪೇರಿಸಿದ್ದು
ಹತ್ತಿಗೆ ಬಿದ್ದ ಹುಳದ ಹೆಸರಲ್ಲೇ.”

ಅಲ್ಲೂ ಒಬ್ಬ ಇದ್ದಿರಬೇಕು,
ಆರುತ್ತಿದ್ದ ಟೀ ಲೋಟ,
ಊಟದ ನಂತರದ ತೂಕಡಿಕೆ,
ಲೆಕ್ಕದಲ್ಲಿ ಮೂರು ಸೊನ್ನೆ ಹೆಚ್ಚಾದರೂ
ತಲೆಯೆತ್ತದೆ ಬರೆದವನು:
ಹುಳಕ್ಕೆ.

ಶಟರ್ ಎಳೆಯುವಾಗ ಚನ್ನಾಜಮ್ಮ ಬಂದಳು,
ಸೆರಗಿನ ಗಂಟಲ್ಲಿ ಎಣಿಸಿದ ನೋಟು.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದೆ,
ಯಾತಕ್ಕವ್ವಾ?

ನಕ್ಕಳು.
ಇನ್ಯಾತಕ್ಕಪ್ಪಾ.