ಕಡೇ ಮನೆ

ಪಿಳ್ಳಾಂಜಿನಪ್ಪ, ಐವತ್ತೆಂಟು, ಜಲಮಂಡಳಿ ವಾಲ್ವ್‌ಮನ್.
ದಿನ ಬಿಟ್ಟು ದಿನ ಶ್ರೀನಗರದ ಏಳು ಕ್ರಾಸುಗಳಿಗೆ
ನೀರು ಬಿಡುವ ಕೈ
ಈಗ ನನ್ನ ಮೇಜಿನಂಚು ಹಿಡಿದಿದೆ.

ತೆರೆಯ ಮೇಲೆ ಅವರ ಹೃದಯ, ಕವಲೊಡೆದ ನಾಳಗಳು.
ಎಡಗಡೆಯದು ಒಂದು ಕಡೆ
ಹಿಂಡಿದ ಬಟ್ಟೆಯಂತೆ ಸಣ್ಣಗಾಗಿದೆ.
ಅರವತ್ತು ಪರ್ಸೆಂಟು ಬ್ಲಾಕು, ಅಂದಿದ್ದರಂತೆ ಮೊದಲು ನೋಡಿದವರು.
ಸ್ಟೆಂಟಿಗೆಂದು ಮಗಳು ಆಗಲೇ ಸರ ಅಡವಿಟ್ಟಿದ್ದಾಳೆ.

"ಸಣ್ಣಗಾದ್ರೆ ಏನಂತೆ ಮೇಡಂ?
ಏಳನೇ ಕ್ರಾಸಿನ ಪೈಪು ತುಕ್ಕು ತಿಂದು ಅರ್ಧ ಮುಚ್ಚೈತೆ.
ಕಡೇ ಮನೆ ರುದ್ರಮ್ಮನ ಸಂಪು
ತುಂಬ್ತೈತಾ ಇಲ್ವಾ, ಅದನ್ನ ನೋಡಿ."

ಅದನ್ನೇ ನೋಡುತ್ತಿದ್ದೇನೆ.
ಇಕ್ಕಟ್ಟಿಗೆ ಮೊದಲು ಎಷ್ಟು ಒತ್ತಡ, ದಾಟಿದ ಮೇಲೆ ಎಷ್ಟು,
ಸಾಫ್ಟ್‌ವೇರು ಲೆಕ್ಕ ಹಾಕುತ್ತಿದೆ. ಚಕ್ರ ಸುತ್ತುತ್ತದೆ,
ಸುತ್ತುತ್ತಲೇ ಇರುತ್ತದೆ.
ಸ್ಕ್ಯಾನು ಮುಗಿದು ಎಷ್ಟೋ ಹೊತ್ತಾಯಿತು;
ಇವರಿನ್ನೂ ಉಸಿರು ಹಿಡಿದೇ ಇದ್ದಾರೆ,
ಬಿಡಿ ಅಂದದ್ದು ಕೇಳಿಸದವರಂತೆ.

ನನಗೂ ಗೊತ್ತು ಈ ಕಾಯುವುದು.
ನಸುಕಿನ ನಾಲ್ಕಕ್ಕೆ ನಲ್ಲಿಗೆ ಕಿವಿ ಕೊಟ್ಟು:
ಮೊದಲು ಗಾಳಿಯ ಕೆಮ್ಮು,
ಆಮೇಲೆ ಕೆಂಪು ನೀರು ಒಂದು ಚೊಂಬು.

ಬಣ್ಣ ತುಂಬಿತು.
ಹಸಿರು. ಇಕ್ಕಟ್ಟಿನಾಚೆಗೂ ಹಸಿರು, ತುದಿಯಲ್ಲಿ ತುಸು ಹಳದಿ.
ಸೊನ್ನೆ ಬಿಂದು ಎಂಟು ನಾಲ್ಕು.
ಎಂಟರ ಕೆಳಗೆ ಇಳಿದಿದ್ದರೆ ಬೇರೆ ಮಾತು.

"ಡಾಕ್ಟರು ಹೇಳ್ತಾರೆ" ಅಂದೆ. ನಾನು ಹೇಳುವಂತಿಲ್ಲ.
ಅವರು ನನ್ನ ಮುಖ ನೋಡಿದರು,
ಕತ್ತಲಲ್ಲಿ ಮೀಟರು ಓದುವವರ ಹಾಗೆ, ಬಗ್ಗಿ.
ಕಾರಿಡಾರಿನಿಂದ ಫೋನಿನ ದನಿ ಕೇಳಿಸಿತು:
"ಕಡೇ ಮನೇಗೂ ಹೋಗ್ತೈತೆ ಕಣವ್ವಾ.
ಸರ ಬಿಡಿಸ್ಕೊ."