ಮರುವಿಳಾಸ

ರಾತ್ರಿ ಹನ್ನೊಂದೂವರಿ. ನವನಗರ, ಸೆಕ್ಟರ್ ನಲವತ್ತೇಳು.
ಪದ್ಮರಾಜ ತೇರದಾಳದಾಗ ಕುಂತಾನ,
ಸುರಯ್ಯಾ ಹುನಗುಂದದಾಗ.
ಇಬ್ಬರೂ ನನ್ನ ಬಾಗಲಾ ಬಡ್ಯಾಕ ಹತ್ತಿ ಮುಕ್ಕಾಲು ತಾಸಾತು,
ನನಗ ಒಂದು ಸಪ್ಪಳಿಲ್ಲ.
ಲ್ಯಾಪ್‌ಟಾಪಿನಾಗ ಆಟ ತೆರಕೊಂಡು ಕುಂತೈತಿ:
ಕಟ್ಟಿದ ಕಿಲ್ಲೆ, ಸುತ್ತ ನೀರಿನ ಕಂದಕ, ಹಚ್ಚಿದ ದೀಪ, ಮೂರು ಕುರಿ.
ಬರೂ ಮಂದಿ ಅಷ್ಟ ಇಲ್ಲ.

ರೌಟರಿನ ಒಳಗ ಹೊಕ್ಕೆ.
ಅದರ ಹೊಟ್ಟಿ ಕೆಳಗಿನ ಚೀಟಿಯಾಗ ಪಾಸ್‌ವರ್ಡು,
ಒಂದಕ್ಷರಕ್ಕ ಅರಿಷಿಣದ ಕೈ ಹತ್ತಿ ಅಳಿಸೇತಿ,
ಬಿ ಅನ್ನಬೇಕೋ ಎಂಟು ಅನ್ನಬೇಕೋ.
ಎಂಟು.
ಮೊನ್ನೆ ನಾನ ಬರದ ನೇಮ ಹಂಗ ಐತಿ:
ಇಪ್ಪತ್ತೈದು ಸಾವಿರದ ಐನೂರ ಅರವತ್ತೈದನೇ ಪೋರ್ಟಿಗೆ
ಯಾರರ ಬಂದ್ರ, ಒಳಗಿನ ಏಳನೇ ನಂಬರಿಗೆ ಕಳಸು.
ಅಂಕಿ ತಪ್ಪಿಲ್ಲ. ಹಸರು ದೀಪ ಉರಿಯಾಕತ್ತೇತಿ.
ಹೊರಗಿಂದ ನೋಡಿದ್ರ ಮಾತ್ರ
ಮುಚ್ಚೇತಿ.

"ಹಾಳಾದ ಫೈರ್‌ವಾಲ್" ಅಂದೆ. ಮುತ್ಯಾ ದಡಗ್ಗನ ಎದ್ದ.
"ಬೆಂಕಿ ಎಲ್ಲಿ?"
ಬೆಂಕಿ ಅಲ್ಲ ಮುತ್ಯಾ, ಗೋಡಿ.
"ಗೋಡಿ ಎಲ್ಲಿ?"
ಟಿವಿ ಮ್ಯಾಲಿನ ಡಬ್ಬಿ ತೋರಿಸಿದೆ,
ಅದರ ಎರಡು ಕಿವಿ ನೋಡಿ ನಕ್ಕ.
ಮೂವತ್ತೊಂದು ವರ್ಷ ಟಪಾಲು ಹಂಚಿದ ಮನಷ್ಯಾಗ
ಇಷ್ಟ ಹೇಳಿದೆ:
ಕಾಗದ ಊರಿಗೆ ಬರತೈತಿ, ಮನಿಗೆ ಬರವಲ್ದು.

ಮುತ್ಯಾ ಕುರ್ಚಿ ಎಳಕೊಂಡ.
"ಹಳೇ ಊರಿಗೆ ಹಿನ್ನೀರು ಬಂದ ವರ್ಷ
ಓಣಿಗೆ ಓಣಿನ ಎದ್ದು ಇಲ್ಲಿಗೆ ಬಂತು.
ಕಾಗದ ಮಾತ್ರ ನೀರಾಗಿನ ಮನಿಗೇ ಬರತಿತ್ತು.
ಕೆಂಪು ಶಾಯಿಲೆ ಹಳೇದು ಹೊಡದು
ಸೆಕ್ಟರ್ ಬರದು, ಪ್ಲಾಟ್ ಬರದು, ತಿರುಗಸತಿದ್ದೆ.
ಒಂದ ತ್ರಾಸು. ಮಂದಿ ನಿಂತಲ್ಲಿ ನಿಂದರತಿದ್ದಿಲ್ಲ,
ಬಾಡಿಗಿಗೆ ಇವತ್ತೊಂದು ಸೆಕ್ಟರು, ಆರು ತಿಂಗಳಿಗೆ ಮತ್ತೊಂದು.
ನನ್ನ ವಹಿಯೊಳಗ ಬಡಿಗ್ಯಾರ ಕಾಳವ್ವ ಮೂವತ್ನಾಕರಾಗ,
ಖರೇನ ಇದ್ದದ್ದು ಹದಿನೇಳರಾಗ.
ಆಕಿ ಮನಿಯಾರ್ಡರು ಮೂರು ಸಲ ತಿರುಗಿ ಹೋತು.
ನಿನ್ನ ಏಳನೇ ನಂಬರಿನಾಗ ಈಗ ಯಾರದಾರ, ನೋಡೀಯೇನು?"

ನೋಡಿದ್ದಿಲ್ಲ.

ಏಳರಾಗ ಅವ್ವನ ಮೊಬೈಲು ಮಲಗಿತ್ತು, ಚಾರ್ಜಿಗೆ.
ಸಂಜಿಕ ಕರೆಂಟ್ ಹೋಗಿ ಬಂದಾಗ
ರೌಟರು ಮನಿ ಎಲ್ಲಾ ಹೊಸದಾಗಿ ಹಂಚೇತಿ;
ನಾನು ಹನ್ನೆರಡಕ್ಕ ಸರದೀನಿ, ನನಗ ಗೊತ್ತಿಲ್ದಂಗ.
ಅಷ್ಟೊತ್ತನ ಇಬ್ಬರೂ
ಅವ್ವನ ಫೋನಿನ ಕದಾ ಬಡದಾರ.

ಹನ್ನೆರಡು ನನಗ ಕಾಯಂ ಅಂತ ಬರಸಿದೆ. ನೇಮ ತಿದ್ದಿದೆ.
ಲ್ಯಾಪ್‌ಟಾಪಿಗೂ ಸ್ವಂತದ್ದೊಂದು ಗೋಡಿ ಇತ್ತು,
ಎಂದೋ ಅವಸರದಾಗ ನಾನ ಬ್ಯಾಡ ಅಂತ ಒತ್ತಿದ್ದು.
ಅದಕ್ಕೂ ಹೂಂ ಅಂದೆ.
ಮುಚ್ಚೇತಿ.

ಇನ್ನ ಉಳದದ್ದೇನು ಅಂತ ಎರಡು ನಂಬರು ಬಾಜೂಕ ಇಟ್ಟು ನೋಡಿದೆ.
ರೌಟರು ತನ್ನ ಹೊರಗಿನ ವಿಳಾಸ ನೂರರಿಂದ ಶುರು ಅಂತೈತಿ,
ಜಗತ್ತು ನೂರಾಮೂರು ಅಂತೈತಿ.
ನಡುವ ಮತ್ತೊಂದು ಗೋಡಿ, ಅದು ಕೇಬಲಿನ ನಬಿಸಾಬಂದು.
ಫೋನ್ ಹಚ್ಚಿದೆ. ಹನ್ನೆರಡು ಹೊಡದಿತ್ತು.
"ಮುನ್ನೂರು ಮನಿಗೆ ಒಂದ ಅಗಸಿ, ತಂಗಿ.
ಸ್ವಂತದ್ದು ಬೇಕಂದ್ರ ತಿಂಗಳಿಗೆ ನೂರೈವತ್ತು ಹೆಚ್ಚಿಗಿ.
ಮುಂಜಾನೆ ಮಾಡತೀನಿ, ಮಲಕೋ."

ಮುತ್ಯಾ ಬನಿಯನ್ ಕಿಸೆದಾಗಿಂದ
ಒಂದು ನೂರು, ಮೂರು ಹತ್ತು ತಗದ.
"ಉಳದ ಇಪ್ಪತ್ತು ನಿಮ್ಮವ್ವನ ಕೇಳು,
ಬೀಗರು ಆಕಿ ಬಾಗಲಿಗೇ ಬಂದಿದ್ರಲ್ಲ."

ಮರುದಿನ ಏಳಕ್ಕ ಹತ್ತು ಕಮ್ಮಿ.
ಪದ್ಮರಾಜ ಬಂದ, ಬಂದವನ ಕಂದಕದಾಗ ಬಿದ್ದ.
ಸುರಯ್ಯಾ ನಕ್ಕದ್ದು ಸ್ಪೀಕರಿನಾಗ ಒಡದು ಬಂತು.
ಮುತ್ಯಾ ಕನ್ನಡಕ ಏರಿಸಿ ಪರದೆ ಹತ್ತಿರ ಬಗ್ಗಿದ.
"ಇದು ಯಾವ ಸೆಕ್ಟರು?"
ಇನ್ನೂ ನಂಬರು ಹಾಕಿಲ್ಲ ಮುತ್ಯಾ.
"ಈ ನೀರು ಎಲ್ಲೀತನ ಏರತೈತಿ?"
ಏರೂದಿಲ್ಲ. ನಾ ಹಾಕಿದಷ್ಟ.
ಆತ ಸ್ವಲ್ಪ ಹೊತ್ತು ನೀರನ್ನ ನೋಡಿದ.
ಆಮ್ಯಾಲೆ, "ಆ ತೇರದಾಳದ ಹುಡುಗಗ
ಒಂದು ಟಾವೆಲ್ಲರ ಕೊಡು" ಅಂದ.