ಏಳು

ಡೌನ್ ಎಂದು ಟೈಪಿಸಿ ಎಂಟರ್ ಒತ್ತಿದ ಮೇಲೆ
ಹೊಳೆಯಿತು, ನಾನು ಮಾತಾಡುತ್ತಿದ್ದದ್ದು
ಆ ಬಾಗಿಲಿನಿಂದಲೇ ಎಂದು.
ಕೂತ ಕೊಂಬೆ ಕಡಿದವನ ಕತೆ ಕೇಳಿ
ಚಿಕ್ಕಂದಿನಲ್ಲಿ ಎಷ್ಟು ನಕ್ಕಿದ್ದೆ.
ಕರ್ಸರು ನಿಂತಿತು.

ಪೋರ್ಟ್ ಆಗಸ್ಟಾದಿಂದ ಕೂಬರ್ ಪೀಡಿಗೆ
ಐನೂರ ನಲವತ್ತು ಕಿಲೋಮೀಟರು.
ದ್ರಾಗಿತ್ಸಾಗೆ ಫೋನು ಮಾಡಿದೆ: ಎರಡೇ ಅಕ್ಷರ,
ನೀವೇ ಒತ್ತಿಬಿಡಿ.
ಯಾವುದನ್ನು ಒತ್ತಲಿ, ಮಾರಾಯ್ತಿ? ಹೋದ ಸಲ
ಕೀಬೋರ್ಡು ನೀನೇ ಒಯ್ದೆಯಲ್ಲ.
ಹೌದು. ಒಯ್ದಿದ್ದೆ.

ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದು
ಹೊರಟಾಗ ಸಂಜೆ ಆರು. ಪಿಂಬಾದಲ್ಲಿ ಪೆಟ್ರೋಲು, ಸಪ್ಪೆ ಕಾಫಿ.
ಆಮೇಲೆ ಕಾಂಗರೂಗಳ ಹೊತ್ತು; ಬೆಳಕಿನಂಚಿಗೆ
ಕಿವಿ ಮೂಡಿದಲ್ಲೆಲ್ಲ ಕಾಲು ಬ್ರೇಕಿಗೆ.
ರೇಡಿಯೊ ಗೊರಗೊರ ಎಂದು ಸುಮ್ಮನಾಯಿತು.
ಫೋನಿನ ಕಡ್ಡಿಗಳು ಒಂದೊಂದೇ ಉದುರಿದವು.
ತಡೆಯಲಾರದೆ ನನ್ನೊಡನೆ ನಾನೇ
ಜಗಳ ತೆಗೆದೆ, ಉತ್ತರವನ್ನೂ ಕೊಟ್ಟೆ.

ಅಲ್ಲಿ, ನೆಲದಡಿ ಕೊರೆದ ಕೋಣೆಯಲ್ಲಿ
ಊರ ನೀರಿನ ಲೆಕ್ಕ ಹಿಡಿಯುವ ಯಂತ್ರಕ್ಕೂ
ಈಗ ಉಳಿದದ್ದು ಲೋ ಒಂದೇ,
ತನ್ನಿಂದ ಹೊರಟು ತನಗೇ ಬರುವ ದಾರಿ.
ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಇದ್ದೀಯಾ? ಇದ್ದೇನೆ. ಇದ್ದೀಯಾ? ಇದ್ದೇನೆ.
ಕೆಟ್ಟಿಲ್ಲ ಅದು. ಕರೆಯುವವರಿಗೆ ಮಾತ್ರ ಇಲ್ಲ.

ರಾತ್ರಿ ಒಂದಕ್ಕೆ ದ್ರಾಗಿತ್ಸಾ
ನೈಟಿಯ ಮೇಲೆ ಗಂಡಸರ ಕೋಟು ತೊಟ್ಟು ಬೀಗ ತೆಗೆದಳು.
ಕೇಬಲು ಸರಿಯಿತ್ತು, ಅದರ ದೀಪ ಆರಿತ್ತು.
ಕೀಬೋರ್ಡು ಸಿಕ್ಕಿಸಿ, ಹೆಸರು ಹೇಳಿ, ಗುಟ್ಟು ಹೇಳಿ,
ಅಪ್ ಎಂದೆ. ನನ್ನ ಮಾತಿನಲ್ಲಿ, ಏಳು.
ಏಳು ಗಂಟೆಯ ದಾರಿ, ಏಳು ಎನ್ನುವುದಕ್ಕೆ.
ಹಸಿರು ಮಿಟುಕಿತು.

ಇಷ್ಟೇನಾ? ಎಂದಳು.
ಇಷ್ಟೇ ಅಲ್ಲ. ಬಾಯಿಮಾತು ಕರೆಂಟು ಹೋಗುವವರೆಗೆ.
ಮರಳಿ ಎದ್ದಾಗ ಅದು ಓದುವುದು ಬರೆದಿಟ್ಟದ್ದನ್ನು;
ಅಲ್ಲಿ ಇನ್ನೂ ಇದೆ ಹೋದ ತಿಂಗಳು ಕಿತ್ತೆಸೆದ
ಕಾರ್ಡಿನ ಹೆಸರು, ಈತ್ ಸೊನ್ನೆ. ಹೊಸಬನ ಹೆಸರು
ಇಎನ್‌ಪಿ ಮೂರು ಎಸ್ ಸೊನ್ನೆ. ಯಾರೂ ಬರೆದಿಲ್ಲ.
ಯಾರೂ ಎಂದರೆ ನಾನು.

ನಮ್ಮ ಮನೆಯ ನೀರಿನ ಬಿಲ್ಲು, ಅವಳೆಂದಳು,
ಈಗಲೂ ಮಿಲೋರಾದನ ಹೆಸರಿಗೇ ಬರುತ್ತದೆ.
ಆರು ವರ್ಷವಾಯಿತು.
ಅದೂ ಇದರಲ್ಲೇ ಇದೆಯಾ?

ಬೇರೆ ಫೈಲು ಅದು. ಬೇಕಾದರೆ ಈಗಲೇ...
ಬೇಡ, ಎಂದಳು, ಕೋಟಿನ ಗುಂಡಿ ಹಾಕಿಕೊಳ್ಳುತ್ತ.
ಬರಲಿ ಬಿಡು.

ಒಂದು ಸಾಲು ತಿದ್ದಿದೆ, ಉಳಿಸಿದೆ, ಯಂತ್ರವನ್ನು
ಒಮ್ಮೆ ಪೂರ್ತಿ ಮಲಗಿಸಿ ಎಬ್ಬಿಸಿ ನೋಡಿದೆ.
ಕೀಬೋರ್ಡು ಅಲ್ಲೇ ಬಿಟ್ಟುಬಂದೆ.